ಹಸಿರು ದೀಪದ ಹೆಮ್ಮೆ

ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆಯುವ ಕಂಪನಿಯೊಂದರ ಗೋಡೆಯ ಮೇಲೆ ಎರಡು ದೀಪಗಳಿದ್ದವು. ಪ್ರೋಗ್ರಾಂ ಪರೀಕ್ಷೆಯಲ್ಲಿ ಪಾಸಾದರೆ ಹಸಿರು, ತಪ್ಪು ಸಿಕ್ಕರೆ ಕೆಂಪು ಉರಿಯಬೇಕು. ಕೆಂಪು ಉರಿದಾಗಲೆಲ್ಲ ಕೆಲಸ ನಿಲ್ಲುತ್ತದೆಂದು ಯಾರೋ ಅದರ ವೈರನ್ನೂ ಹಸಿರಿಗೇ ಜೋಡಿಸಿಬಿಟ್ಟಿದ್ದರು.

“ವರ್ಷವಿಡೀ ನಾನೊಬ್ಬನೇ ಉರಿಯುತ್ತಿದ್ದೇನೆ, ನೋಡಿದೆಯಾ?” ಎಂದು ಹಸಿರು ಬೀಗಿತು.

“ನೋಡಿದೆ ಅಣ್ಣ. ಆದರೆ ನಿನ್ನತ್ತ ಯಾರೂ ತಲೆಯೆತ್ತಿ ನೋಡುವುದಿಲ್ಲವಲ್ಲ,” ಎಂದಿತು ಕೆಂಪು. ಹಸಿರಿಗೆ ಚುರುಕ್ ಎಂದಿತು.

ಹೊಸದಾಗಿ ಬಂದ ಮ್ಯಾನೇಜರ್ ದಾಕ್ಷಾಯಿಣಿ ವೈರುಗಳನ್ನು ಸರಿಪಡಿಸಿದರು. ಹಸಿರು ಆರಿ ಕೆಂಪು ಹೊತ್ತಿಕೊಂಡಿತು. ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ತಪ್ಪು ಎಲ್ಲಿದೆಯೆಂದು ಹುಡುಕಿದರು. ಮಗುವಿಗೆ ದೊಡ್ಡವರ ಔಷಧದ ಡೋಸ್ ತೋರಿಸುತ್ತಿದ್ದ ತಪ್ಪು ಸಿಕ್ಕಿತು, ತಿದ್ದಿದರು. ಮತ್ತೆ ಹಸಿರು ಹೊತ್ತಿದಾಗ ಇಡೀ ಆಫೀಸು ತಲೆಯೆತ್ತಿ ನೋಡಿ ಚಪ್ಪಾಳೆ ತಟ್ಟಿತು.

“ಈಗ ಬೀಗು, ಅಣ್ಣ,” ಎಂದಿತು ಕೆಂಪು.

“ಬೀಗುತ್ತೇನೆ ತಮ್ಮ. ನೀನು ಉರಿಯಬಲ್ಲೆ ಎಂದು ಗೊತ್ತಾದ ಮೇಲೇ ಇವರು ನನ್ನನ್ನು ನಂಬಿದ್ದು.”