ಉಪ್ಪು ಹಾಕಿದ ಮೊಸರು

“ಮನೆ ಬಿಟ್ಟು ಹೋಗುವ ಮಗನನ್ನು ಯಾವುದರಿಂದ ಕಟ್ಟಿಟ್ಟರೆ ಅವನು ಮತ್ತೆ ಮತ್ತೆ ಮನೆಗೆ ಬರುತ್ತಾನೆ, ಗುರುಗಳೇ?” ಎಂದು ಈರಭದ್ರಪ್ಪ ಕೇಳಿದ.

ಅವನು ಗುರುಗಳ ಹಳೆಯ ಶಿಷ್ಯ, ಬೇಸಾಯಗಾರ. ಅವನ ಮಗ ಹೆಂಡತಿ ಮಗುವಿನೊಡನೆ ಹೊಳೆಯಾಚೆಯ ಊರಿನಲ್ಲಿ ಬೇರೆ ಮನೆ ಮಾಡುವವನಿದ್ದ. ಜಗಳವೇನೂ ಆಗಿರಲಿಲ್ಲ. ಆ ಕಡೆ ಹೊಲವಿತ್ತು, ಹೊಲದ ಹತ್ತಿರ ಇರಬೇಕೆಂದು ಹೊರಟಿದ್ದ. ಹೋಗುವವನು ಒಂದನ್ನೇ ಕೇಳಿದ್ದ, ಬಿತ್ತುವ ಕೂರಿಗೆ. ಈರಭದ್ರಪ್ಪ ಅದನ್ನು ಅಟ್ಟಕ್ಕೆ ಏರಿಸಿಬಿಟ್ಟಿದ್ದ. ಕೂರಿಗೆ ತನ್ನಲ್ಲಿದ್ದರೆ ಮುಂಗಾರಿಗೂ ಹಿಂಗಾರಿಗೂ ಮಗ ಬಂದೇ ಬರಬೇಕು ಎಂದು ಅವನ ಎಣಿಕೆ. ಆದರೂ ಮನಸ್ಸು ಒಪ್ಪದೆ ಗುರುಗಳ ಬಳಿ ಬಂದು ಕೂತಿದ್ದ.

ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. “ಕೂರಿಗೆ ಗಟ್ಟಿಯಾಗಿದೆಯೋ?” ಎಂದರು.

“ನಮ್ಮಜ್ಜ ಮಾಡಿಸಿದ್ದು ಗುರುಗಳೇ. ಕಲ್ಲಿನ ಹಾಗಿದೆ.”

“ಹಾಗಾದರೆ ಇವತ್ತೇ ಮುರಿಯುವುದಿಲ್ಲ. ನಿಧಾನವಾಗಿ ಕೇಳು” ಎಂದು ಗುರುಗಳು ಕತೆಗೆ ತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗೃಹಿಣಿ ಇದ್ದಳು. ಗಂಡ, ಇಬ್ಬರು ಹೆಣ್ಣುಮಕ್ಕಳು, ನಡುವೆ ಒಬ್ಬ ಮಗ, ಕೊಟ್ಟಿಗೆಯಲ್ಲಿ ಕರೆಯುವ ಹಸು. ಅವಳ ಮನೆಯ ಮೊಸರು ಊರಿಗೇ ಹೆಸರಾಗಿತ್ತು. ಗಡಿಗೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಹುಳಿಯೂ ಇಲ್ಲ, ಸಪ್ಪೆಯೂ ಇಲ್ಲ. ಅದಕ್ಕೆ ಕಾರಣ ಹಸುವಲ್ಲ, ಹುಲ್ಲಲ್ಲ, ಹೆಪ್ಪು ಎಂದು ಅವಳು ಹೇಳುತ್ತಿದ್ದಳು. ಆ ಹೆಪ್ಪು ಅವಳ ಅತ್ತೆಯ ಕೈಯಿಂದ ಬಂದದ್ದು, ಅತ್ತೆಗೆ ಅವರ ಅತ್ತೆಯಿಂದ. ಇವತ್ತಿನ ಮೊಸರಿನಲ್ಲಿ ಒಂದು ಚಮಚ ಉಳಿಸಿ ನಾಳೆಯ ಹಾಲಿಗೆ ಬಿಡಬೇಕು, ನಾಳೆಯದರಲ್ಲಿ ಉಳಿಸಿ ನಾಡಿದ್ದಿಗೆ ಬಿಡಬೇಕು. ಹೀಗೆ ಆ ಮನೆಯಲ್ಲಿ ಹೆಪ್ಪು ಒಂದು ದಿನವೂ ತಪ್ಪಿರಲಿಲ್ಲ.

ದೀಪ ಹಚ್ಚಿದ ಮೇಲೆ ಹೆಪ್ಪನ್ನು ಹೊರಗೆ ಕೊಡಬಾರದು, ಮನೆಯ ಲಕ್ಷ್ಮಿ ಹೊಸಿಲು ದಾಟುತ್ತಾಳೆ ಎಂದು ಆ ಊರಿನ ನಂಬಿಕೆ. ಈ ಗೃಹಿಣಿ ಹಗಲೂ ಕೊಡುತ್ತಿರಲಿಲ್ಲ. ನೆರೆಯವರು ಕೇಳಿದರೆ ತುಂಬಿದ ಚೊಂಬು ಮಜ್ಜಿಗೆ ಕೊಡುತ್ತಿದ್ದಳು, ಆದರೆ ಉಪ್ಪು ಹಾಕಿ ಕದಡಿ ಕೊಡುತ್ತಿದ್ದಳು. ಉಪ್ಪು ಬಿದ್ದದ್ದು ಹೆಪ್ಪಿಗೆ ಬರುವುದಿಲ್ಲ. ಅದು ಅಡುಗೆಮನೆಯ ಹೆಂಗಸರಿಗೆಲ್ಲ ಗೊತ್ತಿರುವ ಮಾತು.

ಹಿರಿಯ ಮಗಳಿಗೆ ಮದುವೆಯಾಯಿತು. ಪಕ್ಕದೂರಿಗೆ ಕೊಟ್ಟರು. ಬಳುವಳಿಯಾಗಿ ಒಂದು ಹಸು ಕೊಟ್ಟರು. ಮಗಳು ಹೊರಡುವ ಬೆಳಿಗ್ಗೆ ಗೃಹಿಣಿ ಅಡುಗೆಮನೆಯಲ್ಲಿ ಕೂತು ಕುಡಿಕೆಗೆ ಮೊಸರು ತುಂಬುತ್ತಿದ್ದಳು. ತುಂಬುತ್ತಿದ್ದ ಕೈ ನಿಂತಿತು. ಹಸು ಹೋಯಿತು, ಸೀರೆ ಹೋಯಿತು, ಪಾತ್ರೆ ಹೋಯಿತು. ಹೆಪ್ಪೂ ಹೋದರೆ ಮಗಳಿಗೆ ಈ ಮನೆಯಲ್ಲಿ ಇನ್ನು ಏನು ಕೆಲಸ? ಅವಳು ಹಿಡಿ ಉಪ್ಪು ತೆಗೆದು ಮೊಸರಿಗೆ ಹಾಕಿದಳು. ಸಾಲದೆಂದು ಸಾಸಿವೆ ಮೆಣಸಿನಕಾಯಿ ಒಗ್ಗರಣೆ ಕೊಟ್ಟಳು.

“ಉಪ್ಪು ಯಾಕವ್ವ ಇಷ್ಟು?” ಎಂದಳು ಮಗಳು.

“ದಾರಿಯಲ್ಲಿ ಕೆಡಬಾರದಲ್ಲ. ಮುಗಿದ ಮೇಲೆ ಕುಡಿಕೆ ತಗೊಂಡು ಬಾ, ಇನ್ನಷ್ಟು ಕೊಡ್ತೀನಿ.”

ಗಂಡ ಬಾಗಿಲಲ್ಲಿ ನಿಂತು ನೋಡಿದ. ಅವನು ಮಾತು ಕಡಿಮೆಯವನು. ಮಗಳ ಗಂಟನ್ನು ಹೆಗಲಿಗೆ ಹಾಕಿಕೊಂಡು ಊರ ಗಡಿಯವರೆಗೆ ಕಳಿಸಿ ಬಂದ.

ವಾರ ಕಳೆಯಿತು. ಮಗಳು ಖಾಲಿ ಕುಡಿಕೆ ಹಿಡಿದು ಬಂದಳು. ಗೃಹಿಣಿಗೆ ಹಿಗ್ಗೋ ಹಿಗ್ಗು. ರೊಟ್ಟಿ ತಟ್ಟಿದಳು, ತಲೆಗೆ ಎಣ್ಣೆ ಹಾಕಿದಳು, ಕುಡಿಕೆ ತುಂಬಿದಳು, ಉಪ್ಪು ಹಾಕಿದಳು. ಮರುವಾರವೂ ಬಂದಳು. ಹಿಡಿ ಉಪ್ಪು ಹಗ್ಗಕ್ಕಿಂತ ಗಟ್ಟಿ ಎಂದು ಗೃಹಿಣಿ ಮನಸ್ಸಿನಲ್ಲೇ ನಕ್ಕಳು.

ಆಮೇಲೆ ಮಗನಿಗೆ ಮದುವೆಯಾಯಿತು. ಅವನು ಬಡಗಿ ಕೆಲಸ ಕಲಿತಿದ್ದ. ಪೇಟೆಯಲ್ಲಿ ಅಂಗಡಿ ಹಾಕಿ, ಹೆಂಡತಿಯನ್ನು ಕರೆದುಕೊಂಡು ಅಲ್ಲೇ ಮನೆ ಮಾಡಿದ. ಅವನ ಕುಡಿಕೆಗೂ ಉಪ್ಪು ಬಿತ್ತು. ಅವನೂ ಕುಡಿಕೆ ಹಿಡಿದು ಬರತೊಡಗಿದ.

ಆದರೆ ಮನುಷ್ಯರ ಮನಸ್ಸು ನೋಡು. ಮಕ್ಕಳು ಬರುತ್ತಿದ್ದರು, ಉಂಡು ನಕ್ಕು ಹೋಗುತ್ತಿದ್ದರು. ಅವರು ಬೀದಿ ತಿರುಗಿದ ಮೇಲೆ ಗೃಹಿಣಿಯ ಮುಖ ಬಾಡುತ್ತಿತ್ತು. “ಮೊಸರಿಗೆ ಬಂದರು, ತಗೊಂಡು ಹೋದರು” ಎಂದು ಗಂಡನಿಗೆ ಹೇಳುತ್ತಿದ್ದಳು. ಮಗ ಒಂದು ವಾರ ತಡವಾಗಿ ಬಂದರೆ, “ಹೋದ ಸಲ ಕುಡಿಕೆ ದೊಡ್ಡದಾಯಿತು. ಮೊಸರು ಮುಗಿಯಲಿಲ್ಲ, ಅದಕ್ಕೇ ಬರಲಿಲ್ಲ” ಎನ್ನುತ್ತಿದ್ದಳು. ಮುಂದಿನ ಸಲ ಚಿಕ್ಕ ಕುಡಿಕೆ ತುಂಬಿ ಕೊಡುತ್ತಿದ್ದಳು. ಗಂಡ ಕೇಳಿಯೂ ಕೇಳದವನಂತೆ ಹಗ್ಗ ಹೊಸೆಯುತ್ತಿದ್ದ.

ಹೀಗಿರುವಾಗ ಕಿರಿಯ ಮಗಳ ಮದುವೆ ಗೊತ್ತಾಯಿತು. ಮನೆಯಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಗೃಹಿಣಿ ಸಂತೆಯಿಂದ ಹೊಸ ಕುಡಿಕೆ ತಂದಳು. ಜೊತೆಗೆ ಉಪ್ಪನ್ನೂ ತಂದಳು.

ಮದುವೆಗೆ ಇನ್ನೂ ಕೆಲವು ದಿನವಿರುವಾಗ ಒಂದು ಬೆಳಿಗ್ಗೆ ಮಗ ಪೇಟೆಯಿಂದ ಓಡೋಡಿ ಬಂದ. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿ, “ಅವ್ವ, ಹೆಣ್ಣು! ನಿನ್ನದೇ ಮೂಗು!” ಎಂದ.

ಮೊದಲ ಮೊಮ್ಮಗು. ಗೃಹಿಣಿಗೆ ನೆಲ ಕಾಣಿಸಲಿಲ್ಲ. ಗಡಿಗೆಯ ಮೊಸರನ್ನೆಲ್ಲ ಕಡೆಗೋಲಿಗೆ ಕೊಟ್ಟಳು. ಬೆಣ್ಣೆ ತೆಗೆದು ಬಾಣಂತಿಗೆಂದು ಕಟ್ಟಿದಳು. ಮಜ್ಜಿಗೆಗೆ ಉಪ್ಪು, ಕೊತ್ತಂಬರಿ, ಶುಂಠಿ ಹಾಕಿ ಬೀದಿಯವರನ್ನೆಲ್ಲ ಕರೆದಳು. ಹಾದಿಯಲ್ಲಿ ಹೋಗುವ ಬಳೆಗಾರನಿಗೂ ಕೊಟ್ಟಳು. ತಳದಲ್ಲಿ ಉಳಿದದ್ದನ್ನು ಬಳಿದು ಬೆಕ್ಕಿಗೆ ಹಾಕಿದಳು. ಗಡಿಗೆಯನ್ನು ಬೂದಿ ಹಾಕಿ ಉಜ್ಜಿ ತೊಳೆದು ಬಿಸಿಲಿಗೆ ಬೋರಲು ಹಾಕಿದಳು.

ಸಂಜೆ ಹಾಲು ಕಾಯಿಸಿ ಇಳಿಸಿದಳು. ಉಗುರು ಬೆಚ್ಚಗೆ ಆರಿತು. ಹೆಪ್ಪಿಗೆಂದು ಗಡಿಗೆ ತೂಗುಹಾಕುವ ನೆಲುವಿಗೆ ಕೈಯಿಟ್ಟಳು. ನೆಲುವು ಖಾಲಿ ತೂಗಾಡಿತು.

ಅವಳು ಅಲ್ಲೇ ಕುಸಿದು ಕೂತಳು. ನೆರೆಯವರಲ್ಲಿ ಕೇಳೋಣವೆಂದರೆ ಯಾರ ಮನೆಯಲ್ಲೂ ಅವಳ ಹೆಪ್ಪು ಇರಲಿಲ್ಲ. ಅವಳು ಯಾರಿಗೂ ಕೊಟ್ಟಿರಲಿಲ್ಲ. ಮಕ್ಕಳ ಮನೆ ನೆನಪಾಯಿತು. ಆ ಕುಡಿಕೆಗಳಿಗೆ ತಾನೇ ಹಿಡಿ ಹಿಡಿ ಉಪ್ಪು ಹಾಕಿದ್ದೂ ನೆನಪಾಯಿತು. ಅತ್ತೆಯ ಅತ್ತೆಯಿಂದ ಬಂದದ್ದು ತನ್ನ ಕೈಯಲ್ಲಿ ಮುಗಿಯಿತು, ಲೋಕದಲ್ಲಿ ಒಂದು ಚಮಚವೂ ಎಲ್ಲೂ ಇಲ್ಲ ಎಂದು ಸೆರಗು ಬಾಯಿಗಿಟ್ಟು ಅಳತೊಡಗಿದಳು.

ಗಂಡ ಬಂದು ನೋಡಿದ. ಖಾಲಿ ನೆಲುವು ನೋಡಿದ. ಅವನಿಗೆ ನಗು ಬಂತು. ತಡೆದುಕೊಂಡ, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ.

“ಹೊಟ್ಟೆ ಉರೀತಾ ಇದೆ ನನಗೆ. ನೀವು ನಗ್ತೀರಲ್ಲ!”

“ನಾಳೆ ಬೆಳಿಗ್ಗೆ ಹಿರಿಮಗಳ ಮನೆಗೆ ಹೋಗಿ ಬಾ” ಎಂದ ಗಂಡ.

ಬೆಳಗಾಯಿತು. ಗೃಹಿಣಿ ಪಕ್ಕದೂರಿಗೆ ನಡೆದಳು. ಹೇಳದೆ ಕೇಳದೆ ಬಂದ ತಾಯಿಯನ್ನು ಕಂಡು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ ಮಗಳು ಕೈ ತೊಳೆಯಲು ಓಡಿದಳು. ಗೃಹಿಣಿ ನೇರವಾಗಿ ಅಡುಗೆಮನೆಗೆ ಹೋದಳು. ಅಲ್ಲೊಂದು ನೆಲುವು. ನೆಲುವಿನಲ್ಲಿ ಗಡಿಗೆ. ಮುಚ್ಚಳ ತೆಗೆದು ಒಂದು ಬೆರಳು ಅದ್ದಿ ನಾಲಿಗೆಗೆ ಇಟ್ಟಳು. ಉಪ್ಪಿಲ್ಲ. ಹುಳಿಯೂ ಇಲ್ಲ, ಸಪ್ಪೆಯೂ ಇಲ್ಲ. ಅವಳ ಅತ್ತೆ ಎದುರು ಬಂದು ನಿಂತ ಹಾಗಾಯಿತು.

“ಏನೇ ಇದು?” ಎಂದಳು.

ಮಗಳು ನಾಲಿಗೆ ಕಚ್ಚಿಕೊಂಡಳು. “ಅಪ್ಪ ಹೇಳಬೇಡ ಅಂದಿದ್ದ ಕಣವ್ವ. ಮದುವೆಯಾಗಿ ಬರುವಾಗ ಊರ ಗಡಿಯಲ್ಲಿ ಒಂದು ಕರಟದಲ್ಲಿ ಮೊಸರು ಕೊಟ್ಟ. ಎಲೆ ಮುಚ್ಚಿ ಪಂಚೆಯಲ್ಲಿ ಬಚ್ಚಿಟ್ಟುಕೊಂಡು ಬಂದಿದ್ದ. ಪಂಚೆಯೆಲ್ಲ ಮೊಸರಾಗಿತ್ತು. ತಮ್ಮನಿಗೂ ಹಾಗೇ ಕೊಟ್ಟಿದ್ದಾನಂತೆ.”

“ಅಂದರೆ ಅವತ್ತಿಂದ ನಿಮ್ಮಿಬ್ಬರ ಮನೆಯಲ್ಲೂ ಹೆಪ್ಪು ಇದೆಯಾ?”

“ಇದೆಯವ್ವ.”

“ಮನೆಯಲ್ಲಿ ಗಡಿಗೆ ತುಂಬ ಮೊಸರು ಇಟ್ಟುಕೊಂಡು, ವಾರವಾರ ಖಾಲಿ ಕುಡಿಕೆ ಹಿಡಿದು ಯಾಕೆ ಬರ್ತಿದ್ದೆಯೇ?”

“ಇನ್ನೇನು ಹಿಡಿದು ಬರಲಿ? ಬರಿಗೈಯಲ್ಲಿ ಬಂದರೆ ನೀನು ಸುಮ್ಮನೆ ಇರ್ತಿದ್ದೆಯಾ? ‘ಯಾಕೆ ಬಂದೆ, ಅತ್ತೆ ಏನಾದರೂ ಅಂದಳಾ, ಗಂಡ ಹೊಡೆದನಾ’ ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಿದ್ದೆ. ಕುಡಿಕೆ ಇದ್ದರೆ ಆ ತಾಪತ್ರಯ ಇಲ್ಲ.” ಮಗಳು ನಕ್ಕಳು. “ಆ ಉಪ್ಪು ಮೊಸರನ್ನ ಯಾರು ತಿಂತಾರೆ ಅವ್ವ? ಕಲಗಚ್ಚಿಗೆ ಸುರಿದರೆ ನಮ್ಮ ಹಸುವೂ ಮುಖ ತಿರುಗಿಸ್ತು.”

ಗೃಹಿಣಿ ಗಡಿಗೆ ಹಿಡಿದುಕೊಂಡೇ ಕೂತಳು. ಈ ಹೆಣ್ಣು ಬಿಸಿಲಲ್ಲಿ ನಡೆದು ಬಂದದ್ದು ಮೊಸರಿಗಲ್ಲ. ಆ ಮಗ ಕೆಲಸ ಬಿಟ್ಟು ಬಂದದ್ದೂ ಮೊಸರಿಗಲ್ಲ. ಇಷ್ಟು ದಿನ ಅವರು ಬಂದಾಗಲೆಲ್ಲ ತಾನು ಅವರ ಮುಖ ನೋಡದೆ ಕುಡಿಕೆ ನೋಡಿದೆ. ಹಾಗೆಂದುಕೊಂಡವಳಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಗಂಡನ ಮೊಸರಾದ ಪಂಚೆ ಕಣ್ಣಿಗೆ ಕಟ್ಟಿತು. ಅದನ್ನು ಒಗೆದವಳು ತಾನೇ. ‘ಎಲ್ಲಿ ಬಿದ್ದು ಹೊರಳಾಡಿ ಬಂದಿರಿ’ ಎಂದು ಬೈದವಳೂ ತಾನೇ. ನಗು ಉಕ್ಕಿ ಬಂತು. ತಾಯಿ ಮಗಳು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಹೊರಡುವಾಗ ಮಗಳು ತಾಯಿಗೆ ಒಂದು ಕುಡಿಕೆ ತುಂಬ ಮೊಸರು ಕೊಟ್ಟಳು. ಕೊಡುವ ಮುಂಚೆ ಉಪ್ಪಿನ ಡಬ್ಬಿಯ ಮೇಲೆ ಕೈಯಿಟ್ಟು, “ದೂರದ ದಾರಿ, ಕೆಡಬಾರದಲ್ಲ. ಚೂರು ಉಪ್ಪು ಹಾಕಲೇನವ್ವ?” ಎಂದಳು.

ಗೃಹಿಣಿ ಮಗಳ ಬೆನ್ನಿಗೆ ಒಂದು ಗುದ್ದು ಕೊಟ್ಟು ಕುಡಿಕೆ ಕಸಿದುಕೊಂಡಳು.

ಅವತ್ತು ಸಂಜೆಯ ಹಾಲು ಹೆಪ್ಪುಗೊಂಡಿತು. ಕಿರಿಯ ಮಗಳ ಮದುವೆಯೂ ಆಯಿತು. ಅವಳು ಹೊರಡುವ ಬೆಳಿಗ್ಗೆ ಗೃಹಿಣಿ ಹೊಸ ಕುಡಿಕೆಗೆ ಮೊಸರು ತುಂಬಿ, ಬಾಳೆಲೆ ಕಟ್ಟಿ, ತನ್ನ ಕೈಯಾರೆ ಮಗಳ ಮಡಿಲಿಗೆ ಇಟ್ಟಳು. ಉಪ್ಪಿನ ಡಬ್ಬಿ ಗೂಡಿನಲ್ಲೇ ಇತ್ತು. ಅಪ್ಪ ಎಂದಿನಂತೆ ಗಂಟು ಹೊತ್ತು ಗಡಿಯವರೆಗೆ ಹೋದ. ಗಡಿಯಲ್ಲಿ ಅತ್ತಿತ್ತ ನೋಡಿ ಪಂಚೆಯ ಮರೆಯಿಂದ ಕರಟ ತೆಗೆದ.

“ಬೇಡಪ್ಪ” ಎಂದಳು ಮಗಳು. “ಅವ್ವ ಉಪ್ಪು ಹಾಕದ ಮೊಸರೇ ಕೊಟ್ಟಿದ್ದಾಳೆ.”

ಅಪ್ಪ ಆ ಕರಟದ ಮೊಸರನ್ನು ತಾನೇ ಕುಡಿದು, ಮೀಸೆ ಒರೆಸಿಕೊಂಡು, ಮಗಳನ್ನು ಹರಸಿ ಕಳಿಸಿದ.

ಮುಂದಿನ ವಾರ ಗೃಹಿಣಿ ರೊಟ್ಟಿ ತಟ್ಟುತ್ತ ಕೂತಿದ್ದಳು. ಇನ್ನು ಯಾರೂ ಕುಡಿಕೆ ಹಿಡಿದು ಬರಬೇಕಿಲ್ಲ. ಯಾರಿಗೂ ಬರುವ ಕಾರಣವಿಲ್ಲ. ಅವಳು ಬಾಗಿಲ ಕಡೆ ನೋಡಬಾರದೆಂದುಕೊಂಡು ನೋಡುತ್ತಿದ್ದಳು. ಆಗ ಅಂಗಳದಲ್ಲಿ ಗಲಾಟೆ ಕೇಳಿಸಿತು. ಹಿರಿಯ ಮಗಳು, ಮಗ, ಕಿರಿಯ ಮಗಳು, ಜೊತೆಗೆ ಅಳಿಯಂದಿರು. ಎಲ್ಲರೂ ಬರಿಗೈ ಬೀಸಿಕೊಂಡು ಬಂದಿದ್ದರು. ಯಾಕೆ ಬಂದಿರಿ ಎಂಬ ಮಾತು ಗೃಹಿಣಿಯ ತುಟಿಯವರೆಗೆ ಬಂತು. ಅದನ್ನು ನುಂಗಿಕೊಂಡಳು.

“ಕೈಕಾಲು ತೊಳ್ಕೊಳ್ಳಿ” ಎಂದಳು. ಗಂಡನ ಕಡೆ ತಿರುಗಿ, “ಇನ್ನಷ್ಟು ಹಿಟ್ಟು ಕೊಡಿ. ಕೂತುಕೊಂಡು ಏನು ನಗ್ತೀರಿ?” ಎಂದಳು.

ಕತೆ ಅಲ್ಲಿಗೆ ನಿಂತಿತು. ಈರಭದ್ರಪ್ಪ ನಗುತ್ತಿದ್ದ. ಆ ಗಂಡನ ಪಂಚೆ ನೆನೆದು ಮತ್ತೆ ನಕ್ಕ. ಕಣ್ಣು ಒರೆಸಿಕೊಂಡು, “ಹೆಂಗಸು ಪುಣ್ಯವಂತೆ ಗುರುಗಳೇ. ಅದು ಮೊಸರಿನ ಮಾತಾಯಿತು. ನಾನು ಕೇಳಿದ್ದು ಕೂರಿಗೆಯ ಮಾತು” ಎಂದ.

ಗುರುಗಳು ಹೊಸೆದ ಬತ್ತಿಯನ್ನು ದೀಪಕ್ಕೆ ಇಟ್ಟರು. ಆಮೇಲೆ ಒಂದೇ ಮಾತು ಆಡಿದರು. ಈರಭದ್ರಪ್ಪನ ನಗು ನಿಂತಿತು. ಕೈಮುಗಿದು ಎದ್ದು, ಅಟ್ಟದ ಏಣಿಯನ್ನೇ ನೆನೆಯುತ್ತ ಮನೆಯ ಕಡೆ ನಡೆದ. ಗುರುಗಳು ಆಡಿದ ಮಾತು ಇಷ್ಟೇ:

“ಕೂರಿಗೆ ಅಟ್ಟದ ಮೇಲೇ ಇರಲಿ ಈರಭದ್ರಪ್ಪ, ಬಿತ್ತನೆಯ ಹೊತ್ತಿಗೆ ಬಾಗಿಲಿಗೆ ಬಂದು ನಿಂತವನು ನಿನ್ನ ಮಗನೋ, ಕೂರಿಗೆ ಬೇಕಾದವನೋ ಎಂದು ಮಾತ್ರ ಯಾರನ್ನು ಕೇಳುತ್ತೀಯೆ?”