ಹೊಸ ಹೂಕುಂಡ ಸುಯ್ ಎನ್ನುವುದೇಕೆ

ಲೋಕ ಇನ್ನೂ ಹಸಿಯಾಗಿತ್ತು. ಬೆಟ್ಟದ ಮೇಲೆ ಬೆರಳಿಟ್ಟರೆ ಗುಳಿ ಬೀಳುತ್ತಿತ್ತು. ಗಾಳಿಗೆ ಯಾವ ಕಡೆ ಹೋಗಬೇಕೆಂದು ಗೊತ್ತಿರಲಿಲ್ಲ, ಪಾಪ, ಇದ್ದಲ್ಲೇ ಸುತ್ತುತ್ತಿತ್ತು.

ಆ ಕಾಲದ ಮಾತು ಇದು. ಏ ಚಂಪೀ, ಆ ಹೊಸ ಕುಂಡವನ್ನು ನೀರಿಗೆ ಹಾಕಬೇಡ ಇರು. ಮೊದಲು ಕತೆ ಕೇಳು, ಆಮೇಲೆ ಹಾಕುವಿಯಂತೆ. ಎಲ್ಲದಕ್ಕೂ ಅವಸರ ನಿನಗೆ.

ಆಗ ಇದ್ದದ್ದು ಒಂದೇ ಒಂದು ಕೆರೆ. ಅದಕ್ಕೆ ಏರಿಯಿಲ್ಲ, ತೂಬಿಲ್ಲ. ನೆಲದ ಮೇಲಿನ ಮಣ್ಣೆಲ್ಲ ತನ್ನದೇ ಎಂದು ಅದು ತಿಳಿದಿತ್ತು. ಮಣ್ಣೂ ಹಾಗೇ ತಿಳಿದಿತ್ತು.

ಹೊತ್ತು ಮುಳುಗುವಾಗ ಕೆರೆ ಕರೆಯುತ್ತಿತ್ತು. ಜೋರಾಗಿ ಅಲ್ಲ. ಊಟಕ್ಕೆ ಕರೆಯುವ ತಾಯಿಯ ಹಾಗೆ, ಮೆಲ್ಲಗೆ.

“ಬಾ... ನನ್ನ ಮಣ್ಣೇ, ಮನೆಗೆ ಬಾ...”

ಕರೆದರೆ ಮುಗಿಯಿತು. ಗೆದ್ದಲು ಬೆಳಗಿನಿಂದ ಕಟ್ಟಿದ ಹುತ್ತ ಜಾರಿಕೊಂಡು ಕೆರೆಗೆ ಹೋಗುತ್ತಿತ್ತು. ಕುಂಬಾರ ಹುಳ ಮರಕ್ಕೆ ಮೆತ್ತಿದ ಪುಟ್ಟ ಮನೆ ಕರಗಿ, ಕಾಂಡದುದ್ದಕ್ಕೂ ಇಳಿದು, ಕೆರೆಗೆ ಹೋಗುತ್ತಿತ್ತು.

ಮನುಷ್ಯರು ಮಾತ್ರ ಏನು, ಅವರೂ ಮಣ್ಣಿನವರೇ. ಕರೆ ಕೇಳಿದರೆ ಅಂಗಾಲು ತಣ್ಣಗಾಗುತ್ತಿತ್ತು. ದೊಡ್ಡವರು ಮರವನ್ನು ತಬ್ಬಿಕೊಂಡು ಕೂರುತ್ತಿದ್ದರು. ಇದ್ದದ್ದು ಒಂದೇ ಕಟ್ಟುಪಾಡು. ಕೆರೆ ಕರೆದರೆ ಓ ಎನ್ನಬಾರದು. ಓ ಎಂದವರು ಹೋದ ಹಾಗೇ.

ಆ ಕೆರೆಯ ಹತ್ತಿರ ಹೊಂಬಾಳವ್ವ ಎನ್ನುವ ಹೆಂಗಸು ಇದ್ದಳು. ಅವಳಿಗೆ ಐದು ವರ್ಷದ ಮಗಳು. ಸಣ್ಣಿ ಅಂತ ಹೆಸರು. ಗಾಳಿ ಒಂದು ದಿನ ಎಲ್ಲಿಂದಲೋ ಒಂದು ಕಪ್ಪು ಬೀಜ ತಂದು ಸಣ್ಣಿಗೆ ಕೊಟ್ಟು, “ಇಟ್ಟುಕೋ, ನನಗೆ ಹೊರೋಕಾಗಲ್ಲ” ಎಂದಿತು. ಸಣ್ಣಿ ಅದನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ತಿರುಗಿದಳು. ಉಣ್ಣುವಾಗಲೂ ಬಿಡಲಿಲ್ಲ.

ಅವತ್ತು ಸಂಜೆ ಕೆರೆ ಹೊಂಬಾಳವ್ವನ ದನಿಯಲ್ಲಿ ಕರೆಯಿತು.

“ಸಣ್ಣೀ...”

“ಓ” ಎಂದಳು ಸಣ್ಣಿ.

ಒಳಗಿದ್ದ ಹೊಂಬಾಳವ್ವನಿಗೆ ಆ ಓ ಕೇಳಿಸಿತು. ನಾನು ಕರೆಯಲೇ ಇಲ್ಲವಲ್ಲ ಎಂದುಕೊಂಡಳು. ಎದ್ದು ಓಡುವಷ್ಟರಲ್ಲಿ ದಡದ ಮೇಲೆ ಪುಟ್ಟ ಹೆಜ್ಜೆಗಳು ಮಾತ್ರ ಇದ್ದವು. ಎಲ್ಲ ಹೋದ ಹೆಜ್ಜೆಗಳೇ, ಬಂದದ್ದು ಒಂದೂ ಇಲ್ಲ. ನೀರು ಅಲುಗಲೂ ಇಲ್ಲ.



ಸ್ವಲ್ಪ ದಿನಕ್ಕೆ ಒಂದು ಹೆಜ್ಜೆಯ ಗುರುತಿನಲ್ಲಿ ಗಿಡ ಎದ್ದಿತು. ಸಣ್ಣಿಯ ಮುಷ್ಟಿಯಿಂದ ಜಾರಿದ ಬೀಜ ಅದು. ಹೂವು ಹಗಲೆಲ್ಲ ಮುಚ್ಚಿಕೊಂಡಿದ್ದು, ಕೆರೆ ಕರೆಯುವ ಹೊತ್ತಿಗೇ ಬಿರಿಯುತ್ತಿತ್ತು. ಕೆರೆಯ ಕಡೆಗೇ ಮುಖ. ಪ್ರತಿ ಸಂಜೆ ಬುಡದ ಮಣ್ಣು ಗಿಡವನ್ನೂ ಎಳೆದುಕೊಂಡು ಒಂದೊಂದು ಅಡಿ ಕೆಳಗೆ ಜಾರುತ್ತಿತ್ತು.

ಹೊಂಬಾಳವ್ವ ಅಳೆದು ನೋಡಿದಳು. ನೀರಿಗೆ ಏಳೇ ಅಡಿ.

“ಮಗಳನ್ನು ಬಿಟ್ಟೆ. ಇದನ್ನು ಬಿಡೋದಿಲ್ಲ” ಎಂದಳು. ಕೆರೆಯ ಕಪ್ಪು ಮಣ್ಣನ್ನೇ ತುಳಿದು ಹದ ಮಾಡಿ, ತಟ್ಟಿ ತಟ್ಟಿ ಒಂದು ಕುಂಡ ಮಾಡಿದಳು. ಆಗ ಕುಂಬಾರನ ತಿಗರಿ ಎಲ್ಲಿತ್ತು, ಎಲ್ಲ ಕೈಯಲ್ಲೇ. ಗಿಡವನ್ನು ಅದರಲ್ಲಿಟ್ಟು ಮನೆಗೆ ಹೊತ್ತುಕೊಂಡು ಬಂದಳು.

ಸಂಜೆ ಕೆರೆ ಕರೆಯಿತು. ಕುಂಡ ಅಲ್ಲಾಡಿತು, ಮೆತ್ತಗಾಯಿತು, ಗಿಡವನ್ನು ಅಪ್ಪಿಕೊಂಡೇ ಬಾಗಿಲು ದಾಟಿ ತೆವಳುತ್ತಾ ಹೋಯಿತು. ನೀರಿಗೆ ಆರಡಿ ಇರುವಾಗ ಹೊಂಬಾಳವ್ವ ಅದನ್ನು ತಡೆದು ಹಿಡಿದಳು. ಗಿಡವನ್ನು ಅಲ್ಲೇ ದಡದ ಮಣ್ಣಿಗೆ ಊರಿ, ಪಕ್ಕದಲ್ಲಿ ಕೂತು ಅತ್ತಳು.

ಕುಂಬಾರ ಹುಳ ಬಂದು ಅವಳ ಮಂಡಿಯ ಮೇಲೆ ಕೂತಿತು.

“ಅಕ್ಕಾ, ಅಳಬೇಡ. ನಾನು ಕಟ್ಟಿದ ಮನೆಗಳಲ್ಲಿ ಒಂದೇ ಒಂದು ಉಳಿದಿದೆ. ಅದಿದ್ದ ಮರಕ್ಕೆ ಸಿಡಿಲು ಹೊಡೆಯಿತು. ಮರ ಉರಿಯಿತು, ಮನೆ ಉಳಿಯಿತು. ಈಗ ಅದು ಕೆಂಪಾಗಿ ಕಲ್ಲಾಗಿದೆ. ಕೆರೆ ಎಷ್ಟು ಕರೆದರೂ ಹೋಗಲ್ಲ. ಆ ಮರದ ಪೊಟರೆಯಲ್ಲಿ ಬೆಂಕಿ ಇನ್ನೂ ಇದೆ, ಹೋಗಿ ಕೇಳು.”

ಹೊಂಬಾಳವ್ವ ಹೋಗಿ ಕೇಳಿದಳು. ಬೆಂಕಿ ಪೊಟರೆಯೊಳಗೆ ಕೆಂಪು ಕಣ್ಣು ಬಿಟ್ಟುಕೊಂಡು ಮಲಗಿತ್ತು.

“ಕೆರೆಯನ್ನು ಮಣ್ಣಿನಿಂದ ಓಡಿಸಿಕೊಡುತ್ತೇನೆ” ಎಂದಿತು ಬೆಂಕಿ. “ಆದರೆ ಕುಂಡವನ್ನು ಪೂರಾ ಒಣಗಿಸು. ತಳಕ್ಕೆ ಒಂದು ತೂತು ಬಿಡು. ಮುಂದೆ ಕೆರೆಯ ನೀರು ಒಳಗೆ ಬಂದರೆ ಹೊರಟುಹೋಗಲು ದಾರಿ ಬೇಕು. ಇಲ್ಲದಿದ್ದರೆ ಅಲ್ಲೇ ಕೂತು ಬೇರನ್ನು ಕರೆಯುತ್ತದೆ, ಬೇರು ಕೊಳೆಯುತ್ತದೆ. ಇನ್ನೊಂದು ಮಾತು. ಬೇಯುವಾಗ ಒಳಗಿಂದ ನಿನ್ನನ್ನು ಕರೆಯುವುದು ಕೇಳಿಸುತ್ತದೆ. ಅದು ಕೆರೆ. ಓ ಎನ್ನಬೇಡ, ತೆಗೆಯಬೇಡ. ಎರಡು ಸಲ ಕರೆಯುವ ಶಕ್ತಿಯಷ್ಟೇ ಅದಕ್ಕಿರೋದು. ಮೂರನೆಯ ಸಲ ಕರೆದರೆ ಅದು ನಿನ್ನವರ ದನಿ, ಅದಕ್ಕೆ ಓ ಎನ್ನಬಹುದು.”

ಒಂದು ಉರಿಯುವ ಕೊಳ್ಳಿಯನ್ನು ಅವಳ ಕೈಗೆ ಕೊಟ್ಟಿತು.

ಹೊಂಬಾಳವ್ವ ಹೊಸ ಕುಂಡ ಮಾಡಿದಳು. ಹೆಬ್ಬೆರಳಿನಿಂದ ತಳ ಚುಚ್ಚಿದಳು. ಸಂಜೆ ಕೆರೆ ಕರೆದಾಗ ಜಾರದ ಹಾಗೆ ತಬ್ಬಿ ಹಿಡಿದು, ಒಂದು ದಿನ ಒಣಗಿಸಿದಳು. ಅಷ್ಟು ಹೊತ್ತಿಗೆ ಗಿಡ ನೀರಿಗೆ ನಾಲ್ಕಡಿ ದೂರದಲ್ಲಿತ್ತು. ತಡೆಯಲಾಗಲಿಲ್ಲ ಅವಳಿಗೆ. ದಡದ ಮೇಲೇ ಹುಲ್ಲು, ಸೌದೆ, ಬೆರಣಿ ಒಟ್ಟಿ, ನಡುವೆ ಕುಂಡ ಇಟ್ಟು, ಮಡಕೆ ಸುಡುವ ಆವಿಗೆ ಮಾಡಿ, ಕೊಳ್ಳಿಯಿಂದ ಹಚ್ಚಿಯೇಬಿಟ್ಟಳು.

ಢಮ್ ಎಂದು ಒಡೆಯಿತು. ನೂರು ಚೂರು. ಒಡೆಯುವಾಗ ಒಳಗೆ ಯಾರೋ ನಕ್ಕ ಹಾಗಾಯಿತು.

“ಕೆರೆಯನ್ನು ಒಳಗೇ ಇಟ್ಟುಕೊಂಡು ತಂದೆಯಲ್ಲೇ!” ಎಂದು ಗದರಿತು ಬೆಂಕಿ. “ಕೆನ್ನೆಗೆ ಒತ್ತಿ ನೋಡಬಾರದಿತ್ತೇ? ತಣ್ಣಗಿದ್ದರೆ ಇನ್ನೂ ಹಸಿ ಅಂತ.”

ಮತ್ತೆ ಮಾಡಿದಳು. ನೆರಳಲ್ಲಿಟ್ಟು, ಸಂಜೆಯ ಕರೆಗೆ ತಬ್ಬಿ ಹಿಡಿದು, ದಿನಾ ಕೆನ್ನೆಗೆ ಒತ್ತಿ ನೋಡಿದಳು. ಮೊದಲ ದಿನ ತಣ್ಣಗಿತ್ತು. ಎರಡನೆಯ ದಿನವೂ ತಣ್ಣಗಿತ್ತು, ನೀರಾಟ ಆಡಿ ಬಂದ ಸಣ್ಣಿಯ ಕೆನ್ನೆಯ ಹಾಗೆ. ಆ ದಿನ ಕುಂಡವನ್ನು ಕೆನ್ನೆಯಿಂದ ತೆಗೆಯಲು ಅವಳಿಗೆ ಮನಸ್ಸೇ ಬರಲಿಲ್ಲ. ಮೂರನೆಯ ದಿನ ಸಂಜೆಗೆ ತಣ್ಣಗಿರಲಿಲ್ಲ.

ಗಿಡಕ್ಕೂ ನೀರಿಗೂ ಇನ್ನು ಒಂದೇ ಅಡಿ.

ಮರುದಿನ ಬೆಳಿಗ್ಗೆ ಆವಿಗೆ ಹಚ್ಚಿದಳು. ಉರಿ ಏರಿತು. ಮೇಲೆ ಬೂದಿ ಮುಚ್ಚಿ, ಪಕ್ಕದಲ್ಲೇ ಕೂತು, ಕೈಚಾಚಿ ಗಿಡದ ಬುಡವನ್ನು ಹಿಡಿದುಕೊಂಡಳು.

ನೆತ್ತಿಯ ಮೇಲೆ ಬಿಸಿಲು ಇರುವಾಗಲೇ ಆವಿಗೆಯೊಳಗಿಂದ ದನಿ ಬಂತು.

“ಅವ್ವಾ... ಸೆಕೆ ಕಣವ್ವಾ. ತೆಗೀ.”

ಸಣ್ಣಿಯದೇ ದನಿ. ಅವಳ ಹಲ್ಲು ಬಿದ್ದ ಜಾಗದಲ್ಲಿ ಮಾತಿನ ಜೊತೆ ಗಾಳಿ ನುಸುಳುತ್ತಿತ್ತು, ಅದೂ ಹಾಗೇ. ಹೊಂಬಾಳವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಹೊತ್ತು ಮುಳುಗಿತು. ಹೊರಗೆ ಕೆರೆ ಕರೆಯತೊಡಗಿತು, “ಬಾ... ಮನೆಗೆ ಬಾ...” ಗಿಡ ಅವಳ ಮುಷ್ಟಿಯನ್ನು ನೀರಿನ ಕಡೆಗೆ ಎಳೆಯಿತು. ಅವಳು ಹಿಮ್ಮಡಿಯೂರಿ, ಬಿಡದೆ ಹಿಡಿದಳು. ಆಗ ಒಳಗಿಂದ ಮತ್ತೆ:

“ಅವ್ವಾ... ಕತ್ತಲಾಯ್ತು. ನಂಗೆ ಹೆದರಿಕೆ.”

ಯಾವ ತಾಯಿ ತಡೆದುಕೊಂಡಾಳು, ಹೇಳು. ಅವಳ ಇನ್ನೊಂದು ಕೈ ಬೂದಿಯವರೆಗೂ ಹೋಯಿತು. ಬೆರಳು ಸುಟ್ಟವು. ಆದರೂ ತೆಗೆಯಲಿಲ್ಲ, ಓ ಎನ್ನಲಿಲ್ಲ. ಕಣ್ಣಲ್ಲಿ ನೀರು ಮಾತ್ರ ಸುರಿಯುತ್ತಿತ್ತು.

ಬೂದಿಯ ಸಂದಿಯಿಂದ ಬಿಳಿಯ ಆವಿ ಎದ್ದು ನಿಂತಿತು. ಐದು ವರ್ಷದ ಮಗುವಿನಷ್ಟೇ ಎತ್ತರ. ಹೊಂಬಾಳವ್ವನ ಮುಂದೆಯೇ ನಡೆದುಕೊಂಡು ಕೆರೆಗೆ ಇಳಿಯಿತು, ತಿರುಗಿ ನೋಡಲಿಲ್ಲ. ನೀರು ಅಲುಗಲಿಲ್ಲ.

ಮೂರನೆಯ ಕರೆಗೆ ಅವಳು ಕಾದಳು. ಕಿವಿಯೆಲ್ಲ ಅಲ್ಲೇ ಇಟ್ಟು ಕಾದಳು. ಬರಲಿಲ್ಲ. ಹೋದದ್ದು ಕೆರೆಯೋ, ನನ್ನ ಮಗಳೋ ಎಂದು ತನ್ನನ್ನೇ ಕೇಳಿಕೊಂಡಳು.

ಬೆಳಕು ಹರಿದಾಗ ಬೂದಿ ತಣ್ಣಗಾಗಿತ್ತು. ಕೆದಕಿ ನೋಡಿದರೆ, ಕಪ್ಪು ಮಣ್ಣು ಕೆಂಪಗಾಗಿತ್ತು! ಒಳಗಿದ್ದ ಕೆರೆಯ ಕಪ್ಪು ಬಣ್ಣವೆಲ್ಲ ಓಡಿಹೋಗಿತ್ತು. ಬೆರಳಲ್ಲಿ ತಟ್ಟಿದಳು. ಟಣ್ ಎಂದಿತು.

ಗಿಡವನ್ನು ಎತ್ತಿ ಕುಂಡದಲ್ಲಿ ನೆಟ್ಟಳು. ಬೊಗಸೆಯಲ್ಲಿ ನೀರು ತಂದು ಸುರಿದಳು.

ಸುಯ್‌ಯ್‌ಯ್...

ಸಣ್ಣ ಸಣ್ಣ ಗುಳ್ಳೆ ಎದ್ದವು. ಬಿಸಿಲಲ್ಲಿ ಆಡಿ ಓಡಿಬಂದ ಸಣ್ಣಿ ಒಂದೇ ಉಸಿರಿಗೆ ನೀರು ಕುಡಿದು ಬಿಡುತ್ತಿದ್ದ ಉಸಿರು ಅದು. ಆ ಉಸಿರಿನ ಕೊನೆಯಲ್ಲಿ, ಮೆಲ್ಲಗೆ, ಸೆಕೆಯಿಲ್ಲದೆ, ಹೆದರಿಕೆಯಿಲ್ಲದೆ ಕೇಳಿಸಿತು:

“ಅವ್ವಾ.”

ಅದು ಮೂರನೆಯದು.

“ಓ” ಎಂದಳು ಹೊಂಬಾಳವ್ವ. “ಓ ಮಗಾ. ಇಲ್ಲೇ ಇದೀನಿ.”

ಕುಡಿದು ಉಳಿದ ನೀರು ತಳದ ತೂತಿನಿಂದ ತೊಟ್ಟಿಕ್ಕಿ, ತನ್ನ ಕೆರೆಗೆ ತಾನು ಹೋಯಿತು. ಕುಂಡವನ್ನು ಅವಳು ಮನೆಗೆ ಹೊತ್ತು ತಂದಳು. ಅವತ್ತು ಸಂಜೆ ಕೆರೆ ಎಷ್ಟು ಕರೆದರೂ ಕುಂಡ ಅಲ್ಲಾಡಲಿಲ್ಲ. ಹೂವು ಬಿರಿಯಿತು, ಒಲೆಯ ಕಡೆಗೆ ಮುಖ ಮಾಡಿಕೊಂಡು.

ಆ ಸುಯ್ ಅನ್ನೋದು ಬರೀ ಗಾಳಿ, ಮಣ್ಣಿನ ಸಂದಿಯಿಂದ ಹೊರಗೆ ಬರುತ್ತದೆ ಅಂತ ನಿಮ್ಮ ಮೇಷ್ಟ್ರು ಹೇಳಬಹುದು. ಹೇಳಲಿ ಬಿಡು, ಅವರು ಆವಿಗೆಯ ಪಕ್ಕದಲ್ಲಿ ಯಾವತ್ತು ಕೂತಿದ್ದರು?

ಹೂಂ, ಈಗ ಹಾಕು ನೀರಿಗೆ. ಬಗ್ಗಿ ಕಿವಿಗೊಟ್ಟು ಕೇಳು. ಕೆರೆಯ ಕಪ್ಪು ಮಣ್ಣು ಬೆಂದು ಕೆಂಪಾಗುವುದೂ, ಹೂಕುಂಡದ ತಳಕ್ಕೆ ತೂತು ಇರುವುದೂ ಅವತ್ತಿನಿಂದಲೇ. ಹೊಸ ಕುಂಡ ಮೊದಲ ನೀರಿಗೆ ಹೀಗೆ ಸುಯ್ ಎಂದಾಗ ನಮ್ಮ ಮನೆಯ ಹೆಂಗಸರು ಕೈಯ ಕೆಲಸ ಬಿಟ್ಟು ಇವತ್ತಿಗೂ ಓ ಎನ್ನುತ್ತಾರೆ.