ದರ್ಜಿಯ ಮನೆಯ ಕನ್ನಡಿ

"ಗುರುಗಳೇ, ನನ್ನ ಬೆನ್ನ ಹಿಂದೆ ಜನ ಏನು ಆಡಿಕೊಳ್ಳುತ್ತಾರೆಂದು ತಿಳಿದುಕೊಳ್ಳುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

ಈಚೆಗೆ ಅವನು ಬಾಗಿಲ ಸಂದಿಯಲ್ಲಿ ನಿಂತು ಜೊತೆಯವರ ಮಾತಿಗೆ ಕಿವಿಗೊಡುವುದನ್ನು ಕಲಿತಿದ್ದ. ಗುರುಗಳಿಗೆ ಅದು ಗೊತ್ತಿತ್ತು. ಬಯ್ಯಲಿಲ್ಲ. ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ದರ್ಜಿ. ಅವನ ಹೆಂಡತಿಗೆ ಇದ್ದದ್ದು ಒಂದೇ ಆಸೆ: ನಾದಿನಿಯ ಮಗಳನ್ನು ಸೊಸೆಯಾಗಿ ತಂದುಕೊಳ್ಳಬೇಕು. ಹುಡುಗ ಹುಡುಗಿ ಎಂದೋ ಒಪ್ಪಿ ಕೂತಿದ್ದರು. ಬಿಗಿ ಹಿಡಿದವಳು ನಾದಿನಿ. ಜವಳಿ ವ್ಯಾಪಾರಿಯ ಹೆಂಡತಿ ಅವಳು, ಮೊಣಕೈವರೆಗೆ ಚಿನ್ನದ ಬಳೆ. "ಬಾಡಿಗೆ ಮನೆಗೆ ಹೆಣ್ಣು ಕೊಡುವವಳಲ್ಲ ನಾನು" ಎಂದು ನಾಲ್ಕು ಜನರ ಮುಂದೆ ಅಂದುಬಿಟ್ಟಿದ್ದಳು.

ದರ್ಜಿ ಹೇಗೋ ಮಾಡಿ ಒಂದು ಪುಟ್ಟ ಫ್ಲ್ಯಾಟು ಕೊಂಡ. ಅದನ್ನು ಸಿಂಗರಿಸುವ ಹುಚ್ಚು ಹೆಂಡತಿಗೆ ಹಿಡಿಯಿತು. ಮೊಬೈಲಿನಲ್ಲಿ ಮನೆ ಅಲಂಕಾರ ತೋರಿಸುವ ಹೆಂಗಸೊಬ್ಬಳ ಮಾತೇ ಅವಳಿಗೆ ವೇದವಾಯಿತು. ಅಡುಗೆಮನೆಗೂ ನಡುಮನೆಗೂ ಮಧ್ಯೆ ಇದ್ದ ಗೋಡೆ ಹೋಯಿತು, ಸೊಂಟದೆತ್ತರದ ಕಟ್ಟೆ ಬಂತು. ಗೋಡೆಗೆ ಇಟ್ಟಿಗೆಯ ಚಿತ್ರದ ಕಾಗದ ಅಂಟಿಸಿದಳು. ಪ್ಲೈವುಡ್ಡಿನ ಸೋಫಾ ತಂದು, ಅಂಗಡಿಯಲ್ಲಿ ಉಳಿದ ಬಟ್ಟೆಯಲ್ಲಿ ಅದಕ್ಕೊಂದು ಹೊದಿಕೆ ಹೊಲಿದಳು. ಕೊನೆಗೆ ಸೋಫಾದ ಎದುರು ಗೋಡೆಗೆ ಆಳೆತ್ತರದ ಕನ್ನಡಿ ಹಾಕಿಸಿದಳು. ಕನ್ನಡಿಯಿದ್ದರೆ ಚಿಕ್ಕ ಮನೆ ಎರಡರಷ್ಟು ಕಾಣುತ್ತದಂತೆ. ಕಂಡಿತು ಕೂಡ. ಅವಳು ದಿನಾ ನಿಂತು ನೋಡಿ ಹಿಗ್ಗುತ್ತಿದ್ದಳು.

ನಾದಿನಿ ಮನೆ ನೋಡಲು ಬಂದಳು. ಅಡುಗೆಮನೆಗೆ ಬೆನ್ನು ಮಾಡಿ ಸೋಫಾದ ಮೇಲೆ ಕೂತಳು. ದರ್ಜಿಯ ಹೆಂಡತಿ ಕಾಫಿಗೆ ಎದ್ದು ಹೋದಳು. ಕೈಗೆ ನೆರವಾಗಲೆಂದು ಬಂದಿದ್ದ ಪಕ್ಕದ ಮನೆಯವಳು ಒಲೆಯ ಹತ್ತಿರ ಕಾದಿದ್ದಳು. ನೆರವೆಲ್ಲ ನೆಪ, ಅವಳಿಗೆ ಬೇಕಿದ್ದದ್ದು ಸುದ್ದಿ.

"ಏನಂತಾಳೆ ನಿಮ್ಮ ಮಹಾರಾಣಿ?" ಎಂದು ಮೆಲ್ಲಗೆ ಕೇಳಿದಳು.

ಇವಳಿಗೆ ತಡೆಯಲಾಗಲಿಲ್ಲ. ಸೆರಗು ಇಳಿಬಿಟ್ಟು, ಇಲ್ಲದ ಬಳೆಗಳನ್ನು ಕುಲುಕಿಸಿ, ಸೊಂಟ ತಿರುಗಿಸುತ್ತ ನಾದಿನಿಯ ಹಾಗೆಯೇ ನಾಲ್ಕು ಹೆಜ್ಜೆ ನಡೆದು ತೋರಿಸಿದಳು. ಪಕ್ಕದ ಮನೆಯವಳು ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಒಂದಿಷ್ಟೂ ಸದ್ದಾಗಲಿಲ್ಲ.

ತಿರುಗಿದಾಗ ಇವಳ ಕಣ್ಣು ಕನ್ನಡಿಯ ಮೇಲೆ ಬಿತ್ತು. ನಾದಿನಿಯ ಕೈಯಲ್ಲಿ ಸೋಫಾದ ಹೊದಿಕೆಯ ತುದಿ ಇತ್ತು. ಅವಳ ಮುಖ ಹುಳ್ಳಗಾಗಿತ್ತು, ತುಟಿ ಸೊಟ್ಟಗಾಗಿತ್ತು.

ಇವಳು ಪಕ್ಕದ ಮನೆಯವಳನ್ನು ತಿವಿದಳು. "ನೋಡಿದೆಯಾ? ಹೊದಿಕೆ ಎತ್ತಿ ಒಳಗಿನ ಮರ ನೋಡಿ ಮೂತಿ ತಿರುವಿದಳು!"

ಕಾಫಿ ತಂದು ಕುಕ್ಕಿದಳು. "ಪರೀಕ್ಷೆ ಆಯಿತೇ ತಾಯೀ? ತೇಗವಲ್ಲ, ಪ್ಲೈವುಡ್ಡು. ನಮ್ಮಂಥವರಿಗೆ ಇಷ್ಟೇ."

"ಮರ ನೋಡಲಿಕ್ಕೆ ಬಂದವಳಲ್ಲ ಅತ್ತಿಗೆ" ಎಂದಳು ನಾದಿನಿ. ಹೊದಿಕೆಯ ತುದಿ ಬಿಟ್ಟು ಎದ್ದಳು. "ನೋಡಬೇಕಾದ್ದನ್ನು ನೋಡಿಯಾಯಿತು."

ಕಾಫಿ ಮುಟ್ಟಲಿಲ್ಲ. ಕುಂಕುಮಕ್ಕೂ ನಿಲ್ಲದೆ ಮೆಟ್ಟಿಲಿಳಿದು ಹೋದಳು.

ಆಮೇಲೆ ಕೇಳಬೇಕೆ! ದರ್ಜಿಯ ಹೆಂಡತಿ ಮನೆಮನೆಗೂ ಹೋಗಿ ನಾದಿನಿಯ ತುಟಿ ಎಷ್ಟು ಸೊಟ್ಟಗಾಯಿತೆಂದು ತಾನೂ ತುಟಿ ಸೊಟ್ಟ ಮಾಡಿ ತೋರಿಸಿದಳು. ಬೀದಿಗೆ ಬೀದಿಯೇ ನಕ್ಕಿತು. ನಾದಿನಿ ಮಾತ್ರ ಎಲ್ಲಿಯೂ ತುಟಿ ಬಿಚ್ಚಲಿಲ್ಲ. ಮಗಳನ್ನು ಬೇರೆ ಊರಿಗೆ ಕೊಟ್ಟಳು. ದರ್ಜಿಯ ಮಗ ಮನೆಯಲ್ಲಿ ಮಾತು ಬಿಟ್ಟ. ತಾಯಿ ಬಡಿಸಿದ್ದನ್ನು ಉಂಡು, ತಟ್ಟೆ ತೊಳೆದಿಟ್ಟು, ಅಂಗಡಿಗೆ ಹೋಗಿಬಿಡುತ್ತಿದ್ದ. ಅವಳು ಸೋಫಾದ ಮೇಲೆ ಒಬ್ಬಳೇ ಕೂತು, "ನಾನು ಕಣ್ಣಾರೆ ಕಂಡೆನಲ್ಲ, ಕಣ್ಣಾರೆ ಕಂಡೆನಲ್ಲ" ಎಂದು ಅಂದುಕೊಳ್ಳುತ್ತಿದ್ದಳು.

ಕತೆ ನಿಂತಿತು.

ಶಿಷ್ಯನ ಮುಖ ಅರಳಿತು. "ಹಾಗಾದರೆ ಕನ್ನಡಿ ಉಪಕಾರವನ್ನೇ ಮಾಡಿತು ಗುರುಗಳೇ. ಇವಳು ಅತ್ತ ಹೋದಾಗ ಆ ನಾದಿನಿ ಎಂಥವಳೆಂದು ಮದುವೆಗೆ ಮೊದಲೇ ತಿಳಿಯಿತಲ್ಲ."

ಗುರುಗಳು ಅವನನ್ನೇ ನೋಡುತ್ತ ಹೇಳಿದರು: "ಆ ಕನ್ನಡಿಯಲ್ಲಿ ನಾದಿನಿಯ ಮುಖ ಇವಳಿಗೆ ಕಂಡಿತು ಎಂದ ಮೇಲೆ, ಇವಳ ನಡಿಗೆ ನಾದಿನಿಗೆ ಕಾಣದೆ ಇದ್ದೀತೇ ಮಗೂ?"